ತೃಪ್ತಿಯಾಯಿತು ಎಂದ ಮೇಲೆ

ನಾನು ವಕೀಲಳಲ್ಲ. ಇಂಗ್ಲೆಂಡಿನ ಬರ್ಚ್‌ವುಡ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಿಂದೊಮ್ಮೆ ಬಾಡಿಗೆ ಮನೆ ಬಿಟ್ಟಾಗ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸಿದ ಓನರ್ ಮೇಲೆ ಸ್ಮಾಲ್ ಕ್ಲೇಮ್, ಅಂದರೆ ಸಣ್ಣ ಮೊತ್ತದ ದಾವೆ, ಹಾಕಿ ಗೆದ್ದಿದ್ದೆ. ಗೆದ್ದದ್ದೇ ತಪ್ಪಾಯಿತು. ಅಂದಿನಿಂದ ಈ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನಗೆ ‘ಕೋರ್ಟ್ ಮೇಡಂ’ ಎಂಬ ಬಿರುದು ಅಂಟಿಕೊಂಡಿದೆ. ಲಫ್‌ಬರೋದಲ್ಲಿ ಓದುವ ಮಕ್ಕಳಿಂದ ಹಿಡಿದು ಬರ್ಮಿಂಗ್‌ಹ್ಯಾಮಿನಲ್ಲಿ ಸ್ವಂತ ಮನೆ ಮಾಡಿಕೊಂಡವರ ತನಕ ಯಾರಿಗೆ ಏನು ಮೋಸವಾದರೂ ನನಗೊಂದು ಫೋನು. "ಮೇಡಂ, ಇದು ಕೇಸ್ ಆಗತ್ತಾ?" ಎಂದು ಅವರು ಕೇಳುತ್ತಾರೆ. "ಬರವಣಿಗೆಯಲ್ಲಿ ಏನಾದ್ರೂ ಇದ್ಯಾ?" ಎಂದು ನಾನು ಕೇಳುತ್ತೇನೆ. ಏನೂ ಇರುವುದಿಲ್ಲ. ನಮ್ಮವರ ಜೊತೆ ವ್ಯವಹಾರ ಮಾಡುವಾಗ ಕಾಗದ ಕೇಳಿದರೆ ಅವಮಾನ ಮಾಡಿದ ಹಾಗೆ ಎಂಬುದು ನಮ್ಮ ಸಂಸ್ಕಾರ. ಅದನ್ನು ವಿಮಾನದಲ್ಲಿ ಜೊತೆಗೇ ತಂದುಕೊಂಡಿದ್ದೇವೆ.

ವಿಧಾನವೇನೂ ಕಷ್ಟದ್ದಲ್ಲ. ಮೊದಲು ಎದುರಾಳಿಗೆ ಕೊನೆಯದೊಂದು ಎಚ್ಚರಿಕೆಯ ಪತ್ರ. ಆಮೇಲೆ ಸರ್ಕಾರದ ವೆಬ್‌ಸೈಟಿನಲ್ಲಿ ದಾವೆ, ಅದಕ್ಕೊಂದು ಶುಲ್ಕ, ಎದುರಾಳಿಯ ಉತ್ತರ, ಫೋನಿನಲ್ಲಿ ರಾಜಿ ಮಾತುಕತೆ. ಅದೂ ಮುರಿದರೆ ತಿಂಗಳುಗಟ್ಟಲೆ ಕಾದು ಜಡ್ಜ್ ಮುಂದೆ ಕೂರುವುದು. ವಕೀಲರು ಬೇಕಾಗಿಲ್ಲ. ಬೇಕಾಗಿರುವುದು ತಾಳ್ಮೆ, ಮತ್ತು ಎದೆಯೊಳಗಿನ ಮಾತನ್ನೆಲ್ಲ ಹಿಂಡಿ ತೆಗೆದು ಒಣ ವಾಕ್ಯ ಬರೆಯುವ ಗುಣ. ಈ ಎರಡನೆಯದು ನಮ್ಮವರಿಗೆ ಬರುವುದಿಲ್ಲ. ‘ಸ್ವಂತ ಅಣ್ಣ ಅಂದುಕೊಂಡಿದ್ದೆ’ ಎಂದೇ ಶುರುಮಾಡುತ್ತಾರೆ. ನಾನು ಅದನ್ನು ಹೊಡೆದು ಹಾಕಿ ‘ಒಪ್ಪಂದದ ಉಲ್ಲಂಘನೆ’ ಎಂದು ಬರೆದುಕೊಡುತ್ತೇನೆ. ಎಷ್ಟೋ ಜನ ಅದನ್ನು ಓದಿ, ಇದು ನನಗಾದದ್ದೇ ಅಲ್ಲ ಎನ್ನುವ ಹಾಗೆ ನನ್ನ ಮುಖ ನೋಡಿದ್ದಾರೆ.

ಮ್ಯಾಕಲ್ಸ್‌ಫೀಲ್ಡಿನ ಅಂಕಲ್ ಫೋನ್ ಮಾಡಿದ್ದು ಫೆಬ್ರವರಿಯ ಒಂದು ಭಾನುವಾರ. ಅಲ್ಲಿನ ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಮೈಸೂರಿನ ಕಡೆಯವರು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಆಂಟಿ ತೀರಿಕೊಂಡು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ಒಂದು ವಿಷಯ ಕೇಳ್ಬೇಕಿತ್ತಮ್ಮ. ಊಟದ ಬಗ್ಗೆ ಕೋರ್ಟಿಗೆ ಹೋಗ್ಬಹುದಾ?"

"ಯಾವ ಊಟ ಅಂಕಲ್?"

"ನಿಮ್ಮಾಂಟಿದು. ವೈಕುಂಠ ಸಮಾರಾಧನೆದು."

ನಾನು ಬರವಣಿಗೆಯ ಪ್ರಶ್ನೆ ಕೇಳಲಿಲ್ಲ. ಕೋಟು ಹಾಕಿಕೊಂಡು ಕಾರು ಹತ್ತಿದೆ.

ಆಂಟಿಯ ವಿಷಯ ಸ್ವಲ್ಪ ಹೇಳಬೇಕು. ನಲವತ್ತು ವರ್ಷ ಇಂಗ್ಲೆಂಡಿನಲ್ಲಿದ್ದೂ ಆಕೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿದವರಲ್ಲ. ಅದರ ಬಗ್ಗೆ ಭಾಷಣ ಮಾಡಿದವರೂ ಅಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡಕ ಹಣೆಗೇರಿಸಿ, ಪೊಟ್ಟಣದ ಬೆನ್ನನ್ನು ಮೂಗಿನ ಹತ್ತಿರ ಹಿಡಿದು ಸಣ್ಣ ಅಕ್ಷರ ಓದುತ್ತಿದ್ದರು. ಗಂಡನ ಆಫೀಸಿನ ಪಾರ್ಟಿಗಳಲ್ಲಿ ಬ್ರೆಡ್ಡು, ಬೆಣ್ಣೆ ತಿಂದು ನಗುನಗುತ್ತಾ ಮನೆಗೆ ಬಂದು ಮೊಸರನ್ನ ಕಲಸಿಕೊಳ್ಳುತ್ತಿದ್ದರು. ನಾನು ಎಲ್ಲವನ್ನೂ ತಿನ್ನುವವಳು. "ಕೈಯಲ್ಲಿ ಏನೋ ಘಮಘಮ ಅಂತಿದೆ, ತೊಳ್ಕೊಂಡು ಬಾರೇ, ಆಮೇಲೆ ಹಪ್ಪಳ ಕರಿಯೋಣ" ಎಂದು ನನ್ನನ್ನು ಛೇಡಿಸುತ್ತಿದ್ದರು. ಆಸ್ಪತ್ರೆಯಲ್ಲಿದ್ದ ಕೊನೆಯ ವಾರಗಳಲ್ಲಿ ಅಂಕಲ್ ದಿನವೂ ಫ್ಲಾಸ್ಕಿನಲ್ಲಿ ಸಾರನ್ನ ಒಯ್ಯುತ್ತಿದ್ದರು. ಪ್ರಜ್ಞೆ ಬಂದು ಹೋಗಿ ಮಾಡುತ್ತಿದ್ದಾಗಲೂ ಚಮಚ ತುಟಿಗೆ ತಾಗಿದರೆ ಆಕೆ "ಇದರಲ್ಲಿ ಏನೂ ಇಲ್ಲ ತಾನೇ?" ಎನ್ನುತ್ತಿದ್ದರಂತೆ. "ಏನೂ ಇಲ್ಲ, ನಾನೇ ಮಾಡಿದ್ದು" ಎಂದರೆ ಬಾಯಿ ತೆರೆಯುತ್ತಿದ್ದರಂತೆ.

ಇಲ್ಲಿ ಸತ್ತವರೂ ಸರದಿಯಲ್ಲಿ ಕಾಯಬೇಕು. ದಹನಕ್ಕೆ ಜಾಗ ಸಿಗುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಪುರೋಹಿತರು ಅಲ್ಲಿಂದಲೇ ದಿನ ಎಣಿಸಿ ಕರ್ಮ ಮುಗಿಸಿಕೊಟ್ಟರು. ಗಂಡುಮಕ್ಕಳಿಲ್ಲ, ಹಾಗಾಗಿ ಅಂಕಲ್ಲೇ ಕರ್ತೃ. ಕೊನೆಯ ದಿನದ ಊಟಕ್ಕೆ ಮ್ಯಾಂಚೆಸ್ಟರಿನಲ್ಲಿ ಕೇಟರಿಂಗ್ ಮಾಡುವ ಮಂಗಳೂರು ಕಡೆಯ ಒಬ್ಬರಿಗೆ ಹೇಳಿದ್ದರು. ಫೋನಿನಲ್ಲೇ ಮಾತು. ಈರುಳ್ಳಿ, ಬೆಳ್ಳುಳ್ಳಿ ಇರಕೂಡದು ಎಂದು ಅಂಕಲ್ ಹೇಳಿದರೆ, "ಇದೆಲ್ಲ ನಮಗೆ ಹೇಳ್ಬೇಕಾ ಸರ್, ನಾವೂ ಊರಿನವರೇ ಅಲ್ವಾ" ಎಂದಿದ್ದರಂತೆ ಅವರು.

ಅವತ್ತು ಬಾಡಿಗೆ ಹಾಲಿನಲ್ಲಿ ಊಟ ನಡೆದಾಗ ನಾನು ಬಡಿಸುವವರ ಜೊತೆ ಓಡಾಡುತ್ತಿದ್ದೆ. ನನಗೆ ಏನೂ ಗೊತ್ತಾಗಲಿಲ್ಲ, ಉಂಡವರು ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಕರ್ತೃ ಉಣ್ಣಬೇಕು. ಅಂಕಲ್ ಎಲೆಯ ಮುಂದೆ ಕೂತು ಕೂಟು ಕಲಸಿದ ಅನ್ನ ಬಾಯಿಗಿಟ್ಟರು.

"ಬಾಯಿಗಿಟ್ಟ ತಕ್ಷಣ ಈರುಳ್ಳಿ ವಾಸನೆ ಬಂದ ಹಾಗಾಯ್ತು," ಎಂದರು ಆ ಭಾನುವಾರ. ಅವರ ಮುಂದಿನ ಕಾಫಿಯ ಮೇಲೆ ಕೆನೆಗಟ್ಟಿತ್ತು. "ಹಾಗಾಯ್ತು ಅಷ್ಟೇ. ನಲವತ್ತು ವರ್ಷ ತಿಂದಿಲ್ಲ ನೋಡು, ನನಗೆ ಅದರ ರುಚಿನೂ ಸರಿಯಾಗಿ ನೆನಪಿಲ್ಲ. ಇತ್ತಾ, ಇಲ್ವಾ? ಅದೊಂದು ಗೊತ್ತಾಗ್ಬೇಕು ನನಗೆ. ಇದ್ದಿದ್ರೆ ಅವಳು ಅದನ್ನ ಮುಟ್ಟಿರಲ್ಲ."

ಮುಟ್ಟಿರಲ್ಲ ಎಂದರೆ, ಆ ಲೋಕದ ದಾರಿಗೆ ಅಂತ ಕೊಟ್ಟ ಕೊನೆಯ ಊಟವನ್ನು ಆಂಟಿ ಹಾಗೇ ಬಿಟ್ಟು ಎದ್ದು ಹೋದರು ಎಂದು ಅರ್ಥ. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೂ ಎದ್ದು ಅವರ ಕಾಫಿ ಲೋಟ ಒಳಗೆ ಒಯ್ದು, ಮತ್ತೆ ಬಿಸಿ ಮಾಡಿ ತಂದಿಟ್ಟೆ.

ಲೀಡ್ಸ್‌ನಲ್ಲಿರುವ ಮಗಳಿಗೆ ಅವರು ಮೊದಲೇ ಹೇಳಿದ್ದರು. "ಡ್ಯಾಡ್, ಇಟ್ಸ್ ಜಸ್ಟ್ ಆನಿಯನ್, ಪ್ಲೀಸ್ ಲೆಟ್ ಇಟ್ ಗೋ" ಎಂದಿದ್ದಳಂತೆ. ಅವಳು ಕೆಟ್ಟವಳಲ್ಲ. ಅಮ್ಮನ ಹಾಸಿಗೆಯ ಪಕ್ಕ ರಾತ್ರಿಗಟ್ಟಲೆ ಕೂತವಳು. ಆದರೆ ಕೆಲವು ಮಾತುಗಳು ಅವಳ ಕಿವಿಗೆ ಬೀಳುತ್ತವೆ, ಒಳಗೆ ಇಳಿಯುವುದಿಲ್ಲ.

ಪುರೋಹಿತರನ್ನು ಕೇಳಿ ಎಂದೆ. ಕೇಳಿ ಆಗಿತ್ತು. ತಿಳಿಯದೆ ಆದದ್ದಕ್ಕೆ ದೋಷವಿಲ್ಲ ಎಂದು ಅವರು ಸಮಾಧಾನ ಹೇಳಿದ್ದರು. "ದೋಷ ನನಗಿಲ್ಲ ಅಂದ್ರು. ಅವಳ ಹೊಟ್ಟೆಗೆ ಹೋಯ್ತಾ ಅಂತ ಕೇಳಿದ್ರೆ ಉತ್ತರ ಇಲ್ಲ." ಅಡುಗೆಯವರಿಗೂ ಫೋನ್ ಮಾಡಿದ್ದರು. ಅವರು ಮೊದಲು ನಕ್ಕು, ಆಮೇಲೆ ರೇಗಿ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಉಳಿದದ್ದು ಕೋರ್ಟು. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿ, ಸತ್ಯ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿ, ಇತ್ತಾ ಇಲ್ಲವಾ ಎಂದು ಕೇಳಬಲ್ಲ ಜಾಗ ಈ ದೇಶದಲ್ಲಿ ಅದೊಂದೇ ಎಂದು ಅವರು ಯೋಚಿಸಿಕೊಂಡಿದ್ದರು. ಎಂಜಿನಿಯರಲ್ಲವೇ.

ದಾವೆಯ ಅರ್ಜಿಯಲ್ಲಿ ‘ನಿಮಗೆ ಎಷ್ಟು ಬರಬೇಕು’ ಎಂಬ ಜಾಗವನ್ನು ಖಾಲಿ ಬಿಡಲು ಬರುವುದಿಲ್ಲ. "ಏನೂ ಬೇಡಮ್ಮ, ಸೊನ್ನೆ ಹಾಕು" ಎಂದರು. ಸೊನ್ನೆ ಹಾಕಿದರೆ ಮುಂದಿನ ಪುಟಕ್ಕೇ ಹೋಗುವುದಿಲ್ಲ. ಕೊನೆಗೆ ಊಟಕ್ಕೆ ಕೊಟ್ಟಿದ್ದಷ್ಟನ್ನೇ ಹಾಕಿದೆ. ಏನಾಯಿತು ಎಂದು ವಿವರಿಸುವ ಜಾಗದಲ್ಲಿ ಅಂಕಲ್ ಬರೆದುಕೊಟ್ಟ ಎರಡು ಪುಟವನ್ನು ನಾಲ್ಕು ಸಾಲಿಗೆ ಇಳಿಸಿದೆ. ಆಂಟಿ ಆ ನಾಲ್ಕು ಸಾಲಿನಲ್ಲಿ ‘ದಾವೆದಾರರ ದಿವಂಗತ ಪತ್ನಿ’ ಆಗಿ ಒಂದೇ ಒಂದು ಸಲ ಬಂದರು. ಅಂಕಲ್ ಅದನ್ನು ಎರಡು ಸಲ ಓದಿ, "ಸರಿ, ಕಳ್ಸು" ಎಂದರು.

ಬೇಸಿಗೆಯಲ್ಲಿ ರಾಜಿ ಮಾತುಕತೆಯ ಫೋನ್ ಬಂತು. ಈಗ ಅದು ಕಡ್ಡಾಯ. ಕೋರ್ಟಿನ ಕಡೆಯ ಮಧ್ಯಸ್ಥರೊಬ್ಬರು ಎರಡು ಕಡೆಯವರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುತ್ತಾರೆ. ಅವರ ಅನುಮತಿ ಪಡೆದು ನಾನೂ ಪಕ್ಕದಲ್ಲಿ ಕೂತಿದ್ದೆ. ಇನ್ನೂ ಚಿಕ್ಕ ವಯಸ್ಸಿನ, ಮೆತ್ತನೆಯ ದನಿಯ ಹೆಂಗಸು. ಅಡುಗೆಯವರು ಅರ್ಧ ಹಣ ವಾಪಸ್ ಕೊಡಲು ತಯಾರಿದ್ದಾರೆ, ಆದರೆ ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂದರು.

"ಹಣ ಬೇಡ. ಈರುಳ್ಳಿ ಇತ್ತೋ ಇಲ್ಲವೋ ಎಂದು ಅವರನ್ನು ಕೇಳಿ ಹೇಳಿ," ಎಂದು ಅಂಕಲ್ ಇಂಗ್ಲಿಷಿನಲ್ಲಿ ಹೇಳಿದರು.

ಅದನ್ನು ನಾನು ಕೇಳುವ ಹಾಗಿಲ್ಲ, ಯಾರು ಸರಿ ಯಾರು ತಪ್ಪು ಎಂದು ತೀರ್ಮಾನಿಸುವುದು ಈ ಕರೆಯ ಉದ್ದೇಶವಲ್ಲ ಎಂದರು ಆಕೆ. ಅಂಕಲ್ ಇನ್ನೊಂದು ಸಲ ಕೇಳಿದರು. ಆಕೆ ಇನ್ನೊಂದು ಸಲ ಅಷ್ಟೇ ಮೆತ್ತಗೆ ಅದನ್ನೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಸತ್ಯ ಒಂದನ್ನು ಬಿಟ್ಟು ಬಾಕಿ ಎಲ್ಲವನ್ನೂ ಕೊಡಲು ಎಲ್ಲರೂ ಸಿದ್ಧರಿದ್ದರು. ರಾಜಿ ಮುರಿಯಿತು.

ಅಷ್ಟರಲ್ಲಿ ವರ್ಷಾಬ್ದಿಕವೂ ಬಂದು ಹೋಯಿತು. ಅವತ್ತು ಅಂಕಲ್ ತಾವೇ ನಿಂತು ಅಡುಗೆ ಮಾಡಿದರು, ವಡೆ ಸಹಿತ. ಇನ್ನಾದರೂ ಸಮಾಧಾನವಾಗಬಹುದು ಎಂದು ನಾನು ಕಾದೆ. "ಇದು ಈ ವರ್ಷದ್ದು," ಎಂದರು. "ಆವತ್ತಿನದು ಆವತ್ತಿನದೇ."

ವಿಚಾರಣೆ ಮ್ಯಾಂಚೆಸ್ಟರಿನಲ್ಲಿ, ಮಾರ್ಚಿನಲ್ಲಿ. ಜಿಟಿಜಿಟಿ ಮಳೆ. ಬಾಗಿಲಲ್ಲಿ ಸೆಕ್ಯೂರಿಟಿಯವನು ಅಂಕಲ್‌ರ ಫ್ಲಾಸ್ಕ್ ತೆಗೆಸಿ, ಒಳಗಿರುವುದನ್ನು ಒಂದು ಗುಟುಕು ಕುಡಿದು ತೋರಿಸಿ ಎಂದ. ಅವರು ಎಲ್ಲರೆದುರು ನಿಂತು ಕಾಫಿ ಕುಡಿದು ತೋರಿಸಿದರು. ಅಡುಗೆಯವರು ಆಗಲೇ ಬಂದು ಕಾರಿಡಾರಿನ ಆ ತುದಿಯಲ್ಲಿ ಕೂತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಮದುವೆಗೆ ಹೊಲಿಸಿದಂಥ ಸೂಟು, ಬೆರಳುಗಳಿಗೆ ಅರಿಶಿನದ ಬಣ್ಣ. ನಮ್ಮನ್ನು ಕಂಡು ಅಭ್ಯಾಸಬಲದಿಂದ ಕೈ ಮುಗಿದರು. ಅಂಕಲ್ಲೂ ಅಭ್ಯಾಸಬಲದಿಂದಲೇ ಮುಗಿದರು.

ಸಿನಿಮಾದ ಕೋರ್ಟನ್ನು ನೋಡಿದವರಿಗೆ ಸ್ಮಾಲ್ ಕ್ಲೇಮ್ಸ್ ಕೋಣೆ ನೋಡಿದರೆ ನಿರಾಸೆಯಾಗುತ್ತದೆ. ಆಫೀಸಿನ ಮೀಟಿಂಗ್ ರೂಮಿನಂತೆ ಒಂದು ಉದ್ದ ಮೇಜು, ನೀರಿನ ಜಗ್ಗು. ಜಡ್ಜ್ ಬೂದು ಕೂದಲಿನ ಹೆಂಗಸು. ವಿಗ್ ಇಲ್ಲ, ನಿಲುವಂಗಿ ಇಲ್ಲ. ಕಕ್ಷಿದಾರರ ಪರವಾಗಿ ವಕೀಲರಲ್ಲದವರೂ ಮಾತಾಡಲು ಇಲ್ಲಿ ಅವಕಾಶವಿದೆ. ಆ ಲೆಕ್ಕದಲ್ಲಿ ನಾನು ಅಂಕಲ್‌ರ ಪಕ್ಕ ಕೂತೆ. ಜಡ್ಜ್ ಕಾಗದಗಳನ್ನು ನಿಜವಾಗಿಯೂ ಓದಿಕೊಂಡು ಬಂದಿದ್ದರು. ಈ ಊಟದ ಉದ್ದೇಶವೇನು ಎಂದು ಅಂಕಲ್‌ರನ್ನೇ ಕೇಳಿ ತಿಳಿದುಕೊಂಡರು. ಅಡುಗೆಯವರು ಫೋನಿನಲ್ಲಿ ಮಾತು ಕೊಟ್ಟದ್ದನ್ನು ಒಪ್ಪಿಕೊಂಡರು. ಮಾತಿನಂತೆಯೇ ಮಾಡಿದ್ದೇನೆ, ಈರುಳ್ಳಿಯ ಒಂದು ಸಿಪ್ಪೆಯೂ ಇರಲಿಲ್ಲ ಎಂದರು. ಅಂಕಲ್ ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ಅದನ್ನು ಕೇಳುತ್ತಿದ್ದರು.

ಆಮೇಲೆ ನನ್ನ ಸರದಿ. ಇದಕ್ಕಾಗಿ ನಾನು ವಾರಗಟ್ಟಲೆ ತಯಾರಿ ಮಾಡಿಕೊಂಡಿದ್ದೆ. ಯಂತ್ರ ಎಲ್ಲಿ ಕೆಡುತ್ತದೆ ಎಂದು ನೋಡಬೇಕಾದರೆ, ಯಾರೂ ಗಮನಿಸದಿರುವಾಗ ಅದು ತನ್ನಷ್ಟಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು. ನನ್ನ ವೃತ್ತಿ ಕಲಿಸಿದ್ದು ಅದೇ. ನೀವು ಈರುಳ್ಳಿ ಹಾಕಿದಿರಾ ಎಂದು ನಾನು ಕೇಳಲಿಲ್ಲ. ಅವತ್ತು ಬೆಳಿಗ್ಗೆ ಬೇರೆ ಕೆಲಸವಿತ್ತೇ ಎಂದು ಕೇಳಿದೆ. ಇತ್ತು, ಸ್ಟಾಕ್‌ಪೋರ್ಟಿನಲ್ಲಿ ಒಂದು ನಾಮಕರಣ. ನೀವು ಹಾಲಿಗೆ ಬಂದದ್ದು ಯಾವಾಗ? ಪಾಯಸ ಬಡಿಸುವ ಹೊತ್ತಿಗೆ. ಅಲ್ಲಿಯವರೆಗೆ ಅಡುಗೆ ನೋಡಿಕೊಂಡವರು? ಕೆಲಸದವರು. ಸಾಮಾನ್ಯವಾಗಿ ಕೂಟೋ ಸಾಗುವೋ ನೀರಾದರೆ ನಿಮ್ಮ ಕೆಲಸದವರು ಏನು ಹಾಕುತ್ತಾರೆ?

ಅವರು ಯೋಚಿಸದೆ ಉತ್ತರ ಕೊಟ್ಟರು. "ಬೇಸ್ ಗ್ರೇವಿ."

ಹೇಳಿದ ಮೇಲೆ ಅವರ ಮುಖ ಇಳಿದುಹೋಯಿತು. ಬೇಸ್ ಗ್ರೇವಿ ಎಂದರೇನು ಎಂದು ಜಡ್ಜ್ ಕೇಳಿದರು. ಈ ದೇಶದ ಇಂಡಿಯನ್ ಅಡುಗೆಮನೆಗಳಲ್ಲಿ ವಾರಕ್ಕಾಗುವಷ್ಟು ಈರುಳ್ಳಿಯನ್ನು ಬೆಳ್ಳುಳ್ಳಿಯ ಜೊತೆ ಬೇಯಿಸಿ, ರುಬ್ಬಿ, ದೊಡ್ಡ ಡಬ್ಬಗಳಲ್ಲಿ ತುಂಬಿಟ್ಟಿರುತ್ತಾರೆ. ಯಾವ ಪಲ್ಯವಾದರೂ ಅದರಿಂದ ಒಂದು ಸೌಟು ಬೀಳುತ್ತದೆ. ಅಡುಗೆಯವರು ಅದನ್ನು ತಾವೇ ವಿವರಿಸಬೇಕಾಯಿತು. ಅವತ್ತು ಹಾಕಬೇಡಿ ಎಂದು ಹೇಳಿದ್ದೆ ಎಂದರು. ಆ ಡಬ್ಬ ಅವತ್ತು ವ್ಯಾನಿನಲ್ಲಿತ್ತೇ ಎಂದು ಕೇಳಿದೆ. ಯಾವಾಗಲೂ ಇರುತ್ತದೆ ಎಂದರು. ಹಾಕಲಿಲ್ಲ ಎಂದು ನೀವು ಖಚಿತವಾಗಿ ಹೇಳಬಲ್ಲಿರಾ ಎಂದು ಜಡ್ಜ್ ಕೇಳಿದಾಗ "ಇಲ್ಲ, ಹೇಳಲಾರೆ" ಎಂದರು. ನಾನು ಪೆನ್ನು ಕೆಳಗಿಟ್ಟೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬಹಳ ಖುಷಿಯಾಗಿತ್ತು. ಅಂಕಲ್ ಕಡೆ ನೋಡಿದರೆ ಅವರು ಮೇಜಿನ ಮೇಲಿದ್ದ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಆದರೆ ಅಡುಗೆಯವರು ಇನ್ನೊಂದು ಮಾತು ಉಳಿಸಿಕೊಂಡಿದ್ದರು. ಊಟವಾದ ಮೇಲೆ ಈ ಸರ್ ತಾವಾಗಿಯೇ ಅಡುಗೆಮನೆಗೆ ಬಂದರು, ತಾಂಬೂಲದ ಜೊತೆ ದಕ್ಷಿಣೆ ಕೊಟ್ಟು, ಕೈ ಮುಗಿದು, ಎಲ್ಲರಿಗೂ ತೃಪ್ತಿಯಾಯಿತು, ನನಗೂ ತೃಪ್ತಿಯಾಯಿತು ಎಂದರು. ಬೇಕಾದರೆ ಅವರನ್ನೇ ಕೇಳಿ.

ಇದನ್ನು ಅಂಕಲ್ ನನಗೆ ಹೇಳಿರಲೇ ಇಲ್ಲ. ಅಡುಗೆಯವರ ಮಾತಿನ ಪ್ರಕಾರವೇ ಅಡುಗೆಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಇಲ್ಲ ಎಂದರೆ ಮುಗಿಯಿತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿಯುವುದೊಂದು ಬಾಕಿ.

"ಹಾಗೆ ಹೇಳಿದಿರಾ?" ಎಂದರು ಜಡ್ಜ್.

"ಹೇಳಿದೆ."

"ನಿಮಗೆ ತೃಪ್ತಿಯಾಗಿತ್ತೇ?"

"ಇಲ್ಲ. ಬಾಯಿಗಿಟ್ಟಾಗಲೇ ನನಗೆ ಅನುಮಾನ ಬಂದಿತ್ತು."

"ಹಾಗಾದರೆ ಯಾಕೆ ಹಾಗೆ ಹೇಳಿದಿರಿ?"

ಅಂಕಲ್ ತಮ್ಮ ನಿಧಾನದ, ಕಾರ್ಖಾನೆಯ ಇಂಗ್ಲಿಷಿನಲ್ಲಿ ವಿವರಿಸಿದರು. ಆ ದಿನ ಕರ್ಮ ಮಾಡುವವನು ಕೋಪ ಮಾಡಿಕೊಳ್ಳಬಾರದು. ಬೇಯಿಸಿದವರನ್ನಾಗಲಿ, ಬಡಿಸಿದವರನ್ನಾಗಲಿ, ಉಂಡವರನ್ನಾಗಲಿ ಮನಸ್ಸು ನೋಯಿಸಿ ಕಳಿಸಬಾರದು. ಯಾರೊಬ್ಬರು ಬೇಸರದಲ್ಲಿ ಹೋದರೂ ತೀರಿಕೊಂಡವಳಿಗೆ ಅದು ತಟ್ಟುತ್ತದೆ. ಹಾಗಾಗಿ ತೃಪ್ತಿಯಾಯಿತು ಎಂದು ಹೇಳಲೇಬೇಕು. ನಮ್ಮಂಥ ಮನೆಯಲ್ಲಿ ಹುಟ್ಟಿ ಬೆಳೆದ ಯಾರಾದರೂ ಹಾಗೇ ಹೇಳುತ್ತಿದ್ದರು.

ಜಡ್ಜ್ ಬರೆದುಕೊಂಡರು. "ಆಕೆಗಾಗಿ ನೀವು ದೂರು ಹೇಳಲಿಲ್ಲ," ಎಂದರು.

"ಹೌದು. ಆಕೆಗಾಗಿ."

ನಮ್ಮನ್ನು ಹೊರಗೆ ಕೂರಿಸಿ, ಸ್ವಲ್ಪ ಹೊತ್ತಿನ ಮೇಲೆ ಕರೆದು ತೀರ್ಪು ಓದಿದರು. ಯಾವುದಕ್ಕೆ ಸಾಧ್ಯತೆ ಹೆಚ್ಚು ಎಂದು ತಕ್ಕಡಿಯಲ್ಲಿ ತೂಗಿ ನೋಡಿದರೆ, ಆ ಊಟದಲ್ಲಿ ಈರುಳ್ಳಿ ಮತ್ತು ಬೆಳ್ಳುಳ್ಳಿ ಇತ್ತು ಎಂದು ನಾನು ನಿರ್ಣಯಿಸುತ್ತೇನೆ. ಇರಕೂಡದು ಎಂಬುದು ಒಪ್ಪಂದದ ಭಾಗವಾಗಿತ್ತು. ಆದರೆ ದಾವೆದಾರರು ಅನುಮಾನವಿದ್ದೂ ಊಟವನ್ನು ಒಪ್ಪಿಕೊಂಡರು, ತೃಪ್ತಿಯಾಯಿತು ಎಂದು ಹೇಳಿದರು, ಸರಿಪಡಿಸಲು ಪ್ರತಿವಾದಿಗೆ ಅವಕಾಶ ಕೊಡಲಿಲ್ಲ. ಅತಿಥಿಗಳು ಊಟ ಮಾಡಿದ್ದಾರೆ. ನಷ್ಟ ಸಾಬೀತಾಗಿಲ್ಲ. ದಾವೆ ವಜಾ. ಕೊನೆಯಲ್ಲಿ ಕಾಗದದಿಂದ ತಲೆಯೆತ್ತಿ, ನಿಮ್ಮ ದುಃಖಕ್ಕೆ ನನ್ನ ಸಂತಾಪಗಳು ಎಂದರು. ಮನಸ್ಸಿನಿಂದಲೇ ಹೇಳಿದರು.

ಕಾರಿಡಾರಿನಲ್ಲಿ ಅಡುಗೆಯವರು ಹಿಂದಿನಿಂದ ಬಂದರು. ಗೆದ್ದವರ ಹಾಗೆ ಕಾಣಲಿಲ್ಲ. "ಎಂಥ ಹೇಳೂದು ಸರ್. ನನಗೆ ನಿಜವಾಗಿ ಗೊತ್ತಿರ್ಲಿಲ್ಲ ಮಾರಾಯ್ರೇ. ಅವತ್ತೇ ಒಂದು ಮಾತು ಹೇಳಿದ್ದಿದ್ರೆ ಬೇರೆ ಅಡುಗೆ ಮಾಡಿ ಕೊಡ್ತಿದ್ದೆ."

"ಅವತ್ತು ಹೇಳೋ ಹಾಗಿರ್ಲಿಲ್ಲ," ಎಂದರು ಅಂಕಲ್. "ನೀವು ಹೊರಡಿ. ನಿಮಗೂ ಕೆಲಸ ಇರತ್ತೆ."

ಕಾರಿನಲ್ಲಿ ಸ್ಟಾಕ್‌ಪೋರ್ಟ್ ದಾಟುವವರೆಗೂ ನಾನೇ ಮಾತಾಡುತ್ತಿದ್ದೆ. ಗ್ರಾಹಕರ ಕಾನೂನಿನ ಪ್ರಕಾರ ಇದು ತಪ್ಪು, ಬಾಯಿಮಾತಿಗೆ ತೃಪ್ತಿ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಅಪೀಲಿಗೆ ಅನುಮತಿ ಕೇಳೋಣ, ಮುಖ್ಯ ವಿಷಯದಲ್ಲಿ ನಾವು ಗೆದ್ದಿದ್ದೇವೆ, ಈರುಳ್ಳಿ ಇತ್ತು ಎಂದು ಜಡ್ಜೇ ಬರೆದಿದ್ದಾರಲ್ಲ ಎಂದೆ. ಅಂಕಲ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಗೆಲ್ಬೇಕು ಅಂತ ಯಾರು ಬಂದಿದ್ರಮ್ಮ," ಎಂದರು. "ಇರ್ಲಿಲ್ಲ ಅಂತ ಹೇಳ್ತಾರೆ ಅಂತ ಬಂದಿದ್ದೆ ನಾನು. ನಾನೇ ಮನೇಲಿ ಕೂತು ಇರ್ಲಿಲ್ಲ ಇರ್ಲಿಲ್ಲ ಅಂದ್ಕೊಂಡ್ರೆ ನಂಬಿಕೆ ಬರ್ತಿರ್ಲಿಲ್ಲ. ಅವರು ಎಲ್ಲಾನೂ ತೂಗಿ ನೋಡಿ, ಇಲ್ಲ ಕಣಯ್ಯಾ, ನಿನಗೆ ಭ್ರಮೆ ಅಂತ ಹೇಳಿ ನನ್ನ ಕೇಸನ್ನ ಎತ್ತಿ ಬಿಸಾಕಿದ್ದಿದ್ರೆ, ಇವತ್ತು ಮನೆಗೆ ಹೋಗಿ ಹೊಟ್ಟೆ ತುಂಬಾ ಊಟ ಮಾಡ್ತಿದ್ದೆ."

ವೈಪರುಗಳು ಆ ಕಡೆ ಈ ಕಡೆ ಓಡುತ್ತಿದ್ದವು. ಮುಂದೆ ದೀಪ ಕೆಂಪಾಯಿತು, ನಿಲ್ಲಿಸಿದೆ.

"ನೀನು ಚೆನ್ನಾಗಿ ಕೇಳ್ದೆ," ಎಂದರು, ನನ್ನ ಕಡೆ ತಿರುಗಿ, ನನಗೇ ಸಮಾಧಾನ ಹೇಳುವವರ ಹಾಗೆ. "ನಿನ್ನದೇನೂ ತಪ್ಪಿಲ್ಲ. ಆದ್ರೆ ಅವಳು ಹಸ್ಕೊಂಡೇ ಹೋದ್ಲು ಅಂತ ಈಗ ಕೋರ್ಟೇ ಹೇಳಿದ ಹಾಗಾಯ್ತಲ್ಲಮ್ಮ."